ಒಯ್ಯದೆ ಉಳಿದ ಬಟ್ಟೆ

ವಾಚು ರಿಪೇರಿಯವರ ಬೆರಳು ಮುರಿದರಂತೆ ಎಂಬ ಸುದ್ದಿ ಬಂದ ಸಂಜೆ ತಾನು ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡೆನಲ್ಲ ಎಂಬುದೇ ಅವಳನ್ನು ಕೊರೆಯುತ್ತಿದ್ದ ಚಿಂತೆ. ಯಾರಿಗಾದರೂ ಹೇಳಿದರೆ ನಕ್ಕುಬಿಡುವಷ್ಟು ಸಣ್ಣದು. ಆದರೂ ಮರುದಿನ ಮಧ್ಯಾಹ್ನ, ಒಗೆಯಲು ಬಂದ ಚಾದರಗಳ ಗಂಟಿನ ಮೇಲೆ ಕೂತು ದಿನಚರಿ ಬಿಚ್ಚಿದಾಗ ಬೇರೇನನ್ನೂ ಬರೆಯಲು ಕೈ ಏಳಲಿಲ್ಲ. "ಸುದ್ದಿ ಕೇಳಿ ಅಯ್ಯೋ ಅನ್ನಿಸಿತು. ಹಸಿವು ಮಾತ್ರ ಹೋಗಲಿಲ್ಲ. ಮೊದಲೆಲ್ಲ ನಾನು ಹೀಗಿರಲಿಲ್ಲ" ಎಂದು ಬರೆದಳು. ಆ ಕೊನೆಯ ಮಾತು ನಿಜವೋ, ಬರೆಯುವ ಚೆಂದಕ್ಕೆ ಬಂದದ್ದೋ ಎಂದು ಅನುಮಾನವಾಗಿ ಅದರ ಮೇಲೊಂದು ಗೆರೆ ಎಳೆದಳು.

ಅವರದು ಅರ್ಧ ಮನೆ, ಅರ್ಧ ಲಾಂಡ್ರಿ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಕೌಂಟರು, ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಗೂಡುಗೂಡಾದ ಕಪಾಟು. ಹಿಂದೆ ಒಗೆಯುವ ತೊಟ್ಟಿ, ಅದರಾಚೆ ಅಡಿಗೆಮನೆ, ಮಹಡಿಯ ಮೇಲೆ ಎರಡು ಕೋಣೆ. ಅಪ್ಪ ಒಗೆಯುತ್ತಿದ್ದ. ಅಮ್ಮ ಕಲೆ ತೆಗೆಯುತ್ತಿದ್ದಳು, ಬಿಚ್ಚಿದ ಹೊಲಿಗೆ ಹಾಕುತ್ತಿದ್ದಳು. ಅಣ್ಣ ಸ್ಕೂಟರಿನಲ್ಲಿ ಮನೆಮನೆಗೆ ಬಟ್ಟೆ ಮುಟ್ಟಿಸಿ ಬರುತ್ತಿದ್ದ. ಅಜ್ಜಿ ಗೋಡೆಗೊರಗಿ ಕೂತು ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದಳು. ಇವಳು ಪದವಿ ಮುಗಿಸಿ, ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಾಕಾಗಿ, ಕೊನೆಗೆ ಕೌಂಟರಿನ ಹಿಂದೆ ಬಂದು ಕೂತವಳು. ಮನೆಯಲ್ಲಿ ಅವಳಿಗೆ ಡಿಗ್ರಿ ಎಂದೇ ಹೆಸರು. ಇಟ್ಟವನು ಅಣ್ಣ. ಎಂಟನೇ ತರಗತಿಯಲ್ಲಿ ಎರಡು ವರ್ಷ ಕೂತು ಶಾಲೆ ಬಿಟ್ಟವನಾದ್ದರಿಂದ ಅವನು ಆ ಹೆಸರು ಕೂಗುವಾಗ ಅರ್ಧ ಗೇಲಿ, ಅರ್ಧ ಹೆಮ್ಮೆ ಇರುತ್ತಿತ್ತು. ಗಿರಾಕಿಗಳ ಎದುರು ಡಿಗ್ರಿ ಬಾಯಿ ಬಿಡುತ್ತಿದ್ದುದು ಎರಡೇ ಮಾತಿಗೆ: ಬಟ್ಟೆ ಯಾವಾಗ ಬೇಕು, ಚೀಟಿ ತಂದಿದ್ದೀರಾ. ಮಿಕ್ಕಿದ್ದೆಲ್ಲ ದಿನಚರಿಗೆ.

ಒಬ್ಬೊಬ್ಬ ಗಿರಾಕಿಗೆ ಒಂದೊಂದು ಸಂಖ್ಯೆ. ಎಷ್ಟು ಒಗೆದರೂ ಹೋಗದ ಶಾಯಿಯಲ್ಲಿ ಅದನ್ನು ಕಾಲರಿನ ಒಳಮಗ್ಗುಲಲ್ಲಿ ಸಣ್ಣಗೆ ಬರೆಯುವುದು ಅಪ್ಪ ಮೊದಲಿನಿಂದ ನಡೆಸಿಕೊಂಡು ಬಂದ ಪದ್ಧತಿ. ಸಂಖ್ಯೆ ಯಾರದು, ಬಟ್ಟೆ ಬಂದದ್ದು ಯಾವಾಗ, ಹೋದದ್ದು ಯಾವಾಗ ಎಂಬುದೆಲ್ಲ ಡಿಗ್ರಿಯ ಗುಂಡಗಿನ ಅಕ್ಷರದಲ್ಲಿ ದೊಡ್ಡ ಪುಸ್ತಕದಲ್ಲಿತ್ತು. ಬಟ್ಟೆ ಕೊಟ್ಟವರಿಗೆ ಚೀಟಿ, ಒಯ್ಯುವಾಗ ಚೀಟಿ ವಾಪಸು. ಕೆಲವರು ಬರುತ್ತಲೇ ಇರಲಿಲ್ಲ. ಮರೆತವರು, ಊರು ಬಿಟ್ಟವರು, ಸತ್ತವರು. ಅವರ ಬಟ್ಟೆಗೆ ಕಪಾಟಿನ ಕೆಳಗಿನೆರಡು ಗೂಡು. ಒಂದು ವರ್ಷ ಕಾದ ಮೇಲೆ ಅದು ಮನೆಯವರ ಮೈಗೆ ಬರುತ್ತಿತ್ತು. ಹೊರಗೆ ಯಾರಿಗೂ ಹೇಳಿಕೊಳ್ಳದ ಗುಟ್ಟು ಇದು. ಅಪ್ಪನ ಪ್ಯಾಂಟು ತೀರಿಹೋದ ವಕೀಲರೊಬ್ಬರದು. ಅಮ್ಮನ ಸ್ವೆಟರು ಯಾವುದೋ ಬ್ಯಾಂಕಿನ ಮೇಡಮ್ಮಿನದು. "ನಮ್ಮನೇಲಿ ಎಲ್ಲ ಕಂಡೋರ ಚರ್ಮದಲ್ಲಿ ಓಡಾಡೋರೇ" ಎಂದು ಅಜ್ಜಿ ನಗುತ್ತಿದ್ದಳು. ಒಂದೇ ಕಟ್ಟಳೆ: ಹಾಕಿಕೊಳ್ಳುವ ಮೊದಲು ಸಂಖ್ಯೆಯ ಮೇಲೆ ಅದೇ ಬಣ್ಣದ ತುಂಡು ಬಟ್ಟೆ ಹೊಲಿದು ಮುಚ್ಚಬೇಕು. ಆ ಕೆಲಸ ಡಿಗ್ರಿಯದು.

ಆ ವರ್ಷ ಊರು ಎರಡು ಪಾಲಾಗಿತ್ತು. ಚುನಾವಣೆ ಮುಗಿದಿದ್ದರೂ ಜಗಳ ಮುಗಿದಿರಲಿಲ್ಲ. ಗೆದ್ದ ಪಕ್ಷದವರು ವಾರಕ್ಕೊಂದು ಮೆರವಣಿಗೆ ತೆಗೆಯುತ್ತಿದ್ದರು. ಊರನ್ನು ಶುದ್ಧ ಮಾಡುತ್ತೇವೆ ಎಂಬುದು ಅವರ ಘೋಷಣೆ. ಯಾರಿಂದ ಶುದ್ಧ ಮಾಡಬೇಕು ಎಂಬುದನ್ನು ಕೇಳುವವರೂ ಇರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಲಾಂಡ್ರಿಯ ಕೌಂಟರಿಗೂ ಅದು ಬಂತು. ಮೊದಲು ಹಿಟ್ಟಿನ ಗಿರಣಿಯ ಹೆಂಗಸು ಬಂದು, ಇಂಥಿಂಥವರ ಬಟ್ಟೆ ನೆನೆಸಿದ ನೀರಿನಲ್ಲಿ ನಮ್ಮ ಮನೆಯದನ್ನು ಅದ್ದಬೇಡಿ ಎಂದು ತಗ್ಗಿದ ದನಿಯಲ್ಲಿ ಕೇಳಿಕೊಂಡಳು. ಅಪ್ಪ ಆಗಲಮ್ಮ ಎಂದು ತಲೆಯಾಡಿಸಿ, ಎಲ್ಲವನ್ನೂ ಒಂದೇ ತೊಟ್ಟಿಗೆ ಹಾಕಿ, ಊಟಕ್ಕೆ ಕೂತಾಗ ಅದನ್ನು ಹೇಳಿ ಹೇಳಿ ನಕ್ಕ. ತಿಂಗಳೊಳಗೆ ಹನ್ನೊಂದು ಮಂದಿ ಹಾಗೆ ಕೇಳಿದರು. ಹನ್ನೆರಡನೆಯವರು ಕೇಳುವ ಮೊದಲೇ ಅಪ್ಪ ಎರಡನೇ ತೊಟ್ಟಿ ಕಟ್ಟಿಸಿದ. ಅದರ ಬಗ್ಗೆ ಮಾತ್ರ ಊಟದ ಹೊತ್ತಿನಲ್ಲಿ ನಗಲಿಲ್ಲ.

ಅಣ್ಣ ಪಕ್ಷದ ಆಫೀಸಿಗೆ ಹೋಗತೊಡಗಿದ್ದೂ ಆಗಲೇ. ಬಟ್ಟೆ ಮುಟ್ಟಿಸಲು ಹೋದಲ್ಲೆಲ್ಲ ಹಿಂಬಾಗಿಲಿಗೆ ಬಾ ಎನ್ನಿಸಿಕೊಂಡವನಿಗೆ ಅಲ್ಲಿ ಕುರ್ಚಿ ಹಾಕಿ ಟೀ ಕೊಡುತ್ತಿದ್ದರು. ಕಾರ್ಯದರ್ಶಿ ಹೆಗಲ ಮೇಲೆ ಕೈಯಿಟ್ಟು ತಮ್ಮಾ ಎನ್ನುತ್ತಿದ್ದರಂತೆ. ಇಪ್ಪತ್ತೆಂಟು ವರ್ಷದಲ್ಲಿ ತನ್ನ ಹೆಗಲ ಮೇಲೆ ಬಟ್ಟೆಗಂಟು ಬಿಟ್ಟು ಬೇರೇನೂ ಕೂತಿರಲಿಲ್ಲ ಎಂದು ಅವನೇ ಒಮ್ಮೆ ಹೇಳಿದ್ದ. ಡಿಗ್ರಿಗೆ ಅದು ಅರ್ಥವಾಗಿತ್ತು. ಅರ್ಥವಾದ ಮೇಲೂ, ಊಟದ ಹೊತ್ತಿಗೆ ಅವನು ಟೀವಿ ಜೋರು ಮಾಡಿ, ಅದರಲ್ಲಿ ಕಿರುಚುವವನ ಜೊತೆ ತಾನೂ ತುಟಿ ಆಡಿಸುತ್ತ ತುತ್ತು ನುಂಗುವುದನ್ನು ನೋಡಲಾಗದೆ ಅವಳು ಬೆನ್ನು ತಿರುಗಿಸಿ ಕೂತು ಉಣ್ಣುತ್ತಿದ್ದಳು.

ಶನಿವಾರ ಮೆರವಣಿಗೆ. ಅಂಗಡಿಗಳೆಲ್ಲ ಮುಚ್ಚಬೇಕೆಂದು ಅಪ್ಪಣೆಯಾಗಿತ್ತು. ಬೀದಿಯ ತುದಿಯ ವಾಚಿನವರು ಮುಚ್ಚಲಿಲ್ಲ. ಬಿಚ್ಚಿಟ್ಟ ವಾಚನ್ನು ಹಾಗೇ ಬಿಟ್ಟು ಏಳಲಾಗದು, ಹತ್ತು ನಿಮಿಷ ತಡೆಯಿರಿ ಎಂದರಂತೆ. ಮುಖಕ್ಕೆ ಪಕ್ಷದ ಶಾಲು ಸುತ್ತಿಕೊಂಡ ಐದಾರು ಜನ ಒಳಗೆ ನುಗ್ಗಿದರು. ಗಾಜಿನ ಪೆಟ್ಟಿಗೆ ಒಡೆದು, ಅವರ ಬಲಗೈಯನ್ನು ಮೇಜಿನ ಮೇಲಿಟ್ಟು, ಅವರದೇ ಸುತ್ತಿಗೆಯಿಂದ ನಾಲ್ಕು ಬೆರಳು ಜಜ್ಜಿದರು. ಎಡಗೈ ಸಿಕ್ಕಿದ್ದನ್ನು ಹಿಡಿದಿತ್ತು. ಆಸ್ಪತ್ರೆಯಲ್ಲಿ ಆ ಮುಷ್ಟಿ ಬಿಡಿಸಿದಾಗ ಒಳಗೆ ಕಿತ್ತುಬಂದ ಕಾಲರಿತ್ತು.

ಅಂದು ಸಂಜೆ ಅಣ್ಣ ಸುಡುವ ಸೆಕೆಯಲ್ಲಿ ಯಾರದೋ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಮನೆಗೆ ಬಂದಿದ್ದ. ಆ ಜಾಕೆಟ್ಟಿನ ವಿಷಯವನ್ನು ಡಿಗ್ರಿ ದಿನಚರಿಯಲ್ಲಿ ಬರೆಯಲಿಲ್ಲ.

ಮಂಗಳವಾರ ಇನ್ಸ್‌ಪೆಕ್ಟರು ಬಂದು ಪ್ಲಾಸ್ಟಿಕ್ ಚೀಲವೊಂದನ್ನು ಕೌಂಟರಿನ ಮೇಲಿಟ್ಟರು. ತೆಳುನೀಲಿ ಗೆರೆಯ ಕಾಲರು. ಅದರ ಒಳಮಗ್ಗುಲಲ್ಲಿ ಇನ್ನೂರ ಹದಿನಾಲ್ಕು ಎಂಬ ಸಂಖ್ಯೆ. ಶನಿವಾರ ಬೆಳಿಗ್ಗೆ ಆ ಶರ್ಟಿಗೆ ಇಸ್ತ್ರಿ ಹಾಕಿದವಳು ಅವಳೇ. ತುಂಡು ಬಟ್ಟೆ ಹೊಲಿಯಬೇಕಿತ್ತು. ಅಣ್ಣ ಅವಸರ ಮಾಡಿದ್ದ, ಅವಳಿಗೂ ಸೂಜಿ ಹುಡುಕಲು ಬೇಸರವಾಗಿತ್ತು. ಒಂದು ಸಲಕ್ಕೆ ಏನಾಗುತ್ತದೆ ಎಂದು ಬಿಟ್ಟಿದ್ದಳು.

ಇನ್ಸ್‌ಪೆಕ್ಟರು ಕೇಳಿದ್ದು ಎರಡು ಪ್ರಶ್ನೆ. ಈ ಗುರುತು ನಿಮ್ಮ ಅಂಗಡಿಯದೇ? ಹೌದು ಎಂದು ಅಪ್ಪ ಒದ್ದೆ ಕೈಯನ್ನು ವಕೀಲರ ಪ್ಯಾಂಟಿಗೆ ಒರೆಸಿಕೊಂಡ. ಈ ನಂಬರು ಯಾರದು? ಡಿಗ್ರಿ ಪುಸ್ತಕ ತಿರುವಿದಳು. ತಿರುವದೆಯೇ ಗೊತ್ತಿತ್ತು.

"ಲೆಕ್ಕದ ಮೇಷ್ಟ್ರದು" ಎಂದಳು.

ಮೂರನೇ ಪ್ರಶ್ನೆ ಬಂದಿದ್ದರೆ ಏನು ಹೇಳುತ್ತಿದ್ದಳೋ, ಅವಳಿಗೂ ತಿಳಿಯದು. ಬರಲಿಲ್ಲ. ಪೊಲೀಸರು ಹೊರಟುಹೋದರು.

ಅಪ್ಪ ಷಟರನ್ನು ಅರ್ಧ ಎಳೆದು ಅವಳನ್ನು ತೊಟ್ಟಿಯ ಹತ್ತಿರ ಕರೆದ. ಬೆರಳಗಲದ ಬಟ್ಟೆ ಹೊಲಿದಿದ್ದರೆ ಇದೆಲ್ಲ ಇತ್ತೇ ಎಂದು ಕೇಳಿದ. ಶರ್ಟು ಹಾಕಿಕೊಂಡು ಹೋದದ್ದು ಯಾರು ಎಂದಲ್ಲ, ಬೆರಳು ಮುರಿದವರು ಯಾರು ಎಂದಲ್ಲ. ಅವಳ ಹೊಲಿಗೆಯ ಬಗ್ಗೆ. ಆಮೇಲೆ ಪುಸ್ತಕ ತರಿಸಿದ. ಮೇಷ್ಟ್ರ ಶರ್ಟು ಬಂದು ಒಂದೂವರೆ ವರ್ಷವಾಗಿತ್ತು. ಹೋದ ತಾರೀಖಿನ ಜಾಗ ಖಾಲಿ. ಅಪ್ಪ ಅದರ ಮೇಲೆ ಬೆರಳಿಟ್ಟ. ಉಗುರುಗಳ ಕೆಳಗೆ ಸೋಪು ಬಿಳಿಚಿಕೊಂಡಿತ್ತು.

"ಇಲ್ಲೊಂದು ತಾರೀಖು ಹಾಕು. ನಿನ್ನ ಅಕ್ಷರದಲ್ಲೇ."

"ಅಪ್ಪಾ, ಅವರು ಒಯ್ದೇ ಇಲ್ಲ."

"ನಂಗೊತ್ತು. ಹಾಕು."

ಅವಳು ಹಾಕಿದಳು. ಎರಡು ತಿಂಗಳ ಹಿಂದಿನ ತಾರೀಖು. ಬೇರೆ ಸಾಲುಗಳ ಶಾಯಿಗೆ ಹೊಂದಲಿ ಎಂದು ಪೆನ್ನು ಹುಡುಕಿ ಹಾಕಿದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಬುಧವಾರ ಪೊಲೀಸರು ಮತ್ತೆ ಬಂದು ಪುಸ್ತಕದ ತಾರೀಖು ಬರೆದುಕೊಂಡು, ಮೇಷ್ಟ್ರನ್ನು ಪಾಠದ ಮಧ್ಯದಿಂದ ಕರೆದುಕೊಂಡು ಹೋದರು. ಮಕ್ಕಳಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುತ್ತ, ಮದುವೆಯಾಗದೆ, ನರ್ಸಾಗಿ ನಿವೃತ್ತರಾದ ಅಕ್ಕನ ಜೊತೆ ಇದ್ದ ಮನುಷ್ಯ. ಡಿಗ್ರಿಗೂ ನಾಲ್ಕು ವರ್ಷ ಹೇಳಿಕೊಟ್ಟಿದ್ದರು. ವಾಚಿನವರಿಗೆ ಅವರು ಬಹಳ ದಿನದ ಗೆಳೆಯರು. ಇಬ್ಬರೂ ಮೆರವಣಿಗೆಗೆ ಹೋಗುವವರಲ್ಲ, ಮೇಷ್ಟ್ರಂತೂ ಪತ್ರಿಕೆಗೆ ಕಾಗದ ಬರೆದು ಗೆದ್ದವರನ್ನು ಟೀಕಿಸಿದವರು. ಎಲ್ಲವೂ ಅನುಕೂಲಕ್ಕೆ ತಕ್ಕಂತೆ ಕೂಡಿಬಂತು. ಯಾವುದೋ ವಾಚಿನ ವಿಷಯಕ್ಕೆ ಗೆಳೆಯರಿಗೆ ಮನಸ್ತಾಪವಾಗಿ, ಮೇಷ್ಟ್ರೇ ಪಕ್ಷದ ಶಾಲು ಸುತ್ತಿ ಹೋಗಿ ಬೆರಳು ಜಜ್ಜಿ, ಪಕ್ಷದ ಹೆಸರು ಕೆಡಿಸಲು ನೋಡಿದರು ಎಂಬ ಕಥೆ ಸಂಜೆಯೊಳಗೆ ಸಿದ್ಧವಾಯಿತು. ಅವನಲ್ಲ, ಅವನಲ್ಲ ಎಂದು ವಾಚಿನವರು ಆಸ್ಪತ್ರೆಯ ಮಂಚದಿಂದ ಹೇಳಿದರಂತೆ. ಮುಖ ಕಂಡಿಲ್ಲ ಅಂದಮೇಲೆ ನಿನಗೇನು ಗೊತ್ತು ಎಂದು ಪೊಲೀಸರು ಬಾಯಿ ಮುಚ್ಚಿಸಿದರು.

ಆ ದಿನ ಡಿಗ್ರಿ ಒಂದೇ ಸಾಲು ಬರೆದಳು. "ಮೇಷ್ಟ್ರನ್ನು ಹಿಡಿದರೆಂದು ಕೇಳಿದಾಗ ನನಗೆ ಮೊದಲು ಆದದ್ದು ಸಮಾಧಾನ." ಪೆನ್ನು ಮುಚ್ಚಿ ಹೋಗಿ ಕೈ ತೊಳೆದಳು. ಸೋಪಿನ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಅಂದು ಎಷ್ಟು ತೊಳೆದರೂ ಬೆರಳು ಅಂಟಂಟು.

ಆ ಮೇಲಿನ ವಾರ ಪಕ್ಷದ ಆಫೀಸಿನಿಂದ ಮೂರು ದೊಡ್ಡ ಗಂಟು ಬಂತು. ಮೆರವಣಿಗೆಯ ಶಾಲುಗಳು, ವೇದಿಕೆಯ ಪರದೆಗಳು. ಇನ್ನು ಮುಂದೆ ಎಲ್ಲ ನಿಮ್ಮಲ್ಲಿಗೇ ಎಂದು ಕಾರ್ಯದರ್ಶಿ ಖುದ್ದು ಬಂದು ಹೇಳಿದರು. ಬೆಣ್ಣೆಯಂಥ ಮಾತಿನವರು. ಡಿಗ್ರಿಯನ್ನು ಅಮ್ಮಾ ತಾಯಿ ಎಂದು ಕರೆದು, ಕಾನೂನಿಗೆ ನೆರವಾಗಿದ್ದೀರಿ ಎಂದು ಹೊಗಳಿದರು. ಅವಳು ಗಂಟು ಬಿಚ್ಚಿದಳು. ಬೆವರು, ಉಗುಳು, ಎಣ್ಣೆ, ವಾಂತಿ. ಒಂದು ಶಾಲಿನ ತುದಿಯಲ್ಲಿ ಒಣಗಿ ಕಂದಾದ ಕಲೆ. ಅಮ್ಮ ಅದನ್ನು ಬೆಳಕಿಗೆ ಹಿಡಿದಳು. ಕಲೆ ಯಾವುದೆಂದು ನೋಡಿದೊಡನೆ ಹೇಳಬಲ್ಲ ಅಮ್ಮ ನೇರ ತಣ್ಣೀರಿಗೆ ಅದ್ದಿದಳು. ರಕ್ತದ ಕಲೆಗೆ ಬಿಸಿನೀರು ಆಗದು ಎಂಬುದು ಆ ಮನೆಯಲ್ಲಿ ಮಕ್ಕಳಿಗೂ ಗೊತ್ತಿದ್ದ ವಿಷಯ.

ಶಾಲುಗಳ ಬಣ್ಣ ಬಿಡುತ್ತಿತ್ತು. ತೊಟ್ಟಿಯ ನೀರು, ಮೋರಿ, ಅಪ್ಪನ ಮೊಣಕೈ, ಕೊನೆಗೆ ಅಡಿಗೆಮನೆಯ ಒರೆಸುವ ಬಟ್ಟೆಯವರೆಗೂ ಅದೇ ಬಣ್ಣ. ಊಟ ಮಾತ್ರ ಸುಧಾರಿಸಿತು. ದಿನ ಬಿಟ್ಟು ದಿನ ಮೊಟ್ಟೆ, ಭಾನುವಾರ ಮಾಂಸ. ಅಜ್ಜಿ ಬಾಯಲ್ಲಿ ಉಳಿದ ಆರು ಹಲ್ಲಿನಲ್ಲಿ ಮೂಳೆ ಕಡಿಯುತ್ತ, ಈ ಪಕ್ಷ ನೂರು ವರ್ಷ ಬಾಳಲಿ ಎಂದಳು. ಹೇಳಿದ್ದು ಹರಸಿಯೋ, ಹಂಗಿಸಿಯೋ ತಿಳಿಯಲಿಲ್ಲ.

ಅಮ್ಮ ಹದಿನೈದು ದಿನ ತಡೆದುಕೊಂಡಳು. ಪಾತ್ರೆ ಕುಕ್ಕುವುದರಲ್ಲಿ, ಬಟ್ಟೆ ಹಿಂಡುವುದರಲ್ಲಿ ಅವಳ ಸಿಟ್ಟು ಕೇಳಿಸುತ್ತಿತ್ತು. ಹದಿನಾರನೇ ದಿನ ಮಧ್ಯಾಹ್ನ ಅಣ್ಣ ಊಟಕ್ಕೆ ಕೂತು, ಸಾರು ಸಪ್ಪೆ ಎಂದು ತಟ್ಟೆ ಸರಿಸಿದ. ಅಷ್ಟೇ ಸಾಕಾಯಿತು.

"ಸಪ್ಪೇನಾ? ಆ ವಾಚಿನವರ ಹೆಂಡತಿ ಗಂಡನಿಗೆ ತುತ್ತು ಮಾಡಿ ತಿನ್ನಿಸ್ತಾ ಇದ್ದಾಳಂತೆ. ಅಲ್ಲಿಗೆ ಹೋಗಿ ಕೇಳು ರುಚಿ."

"ಅಮ್ಮಾ, ಅದನ್ನ ತೆಗೀಬೇಡ."

"ತೆಗೆದರೆ? ನನ್ನ ಕೈಯನ್ನೂ ಮೇಜಿನ ಮೇಲೆ ಇಡಿಸ್ತೀಯಾ?"

ಅಪ್ಪ ಮೆಲ್ಲಗೆ ಮಾತಾಡಿ ಎಂದು ಬೀದಿಯ ಕಡೆ ನೋಡಿದ. ಅಣ್ಣ ತಟ್ಟೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

"ನಾನು ಹೊಡೀಲಿಲ್ಲ. ಸುತ್ತಿಗೆ ಮುಟ್ಟೂ ಇಲ್ಲ. ಹಿಡ್ಕೊಂಡಿದ್ದೆ, ಅಷ್ಟೇ."

ಇಷ್ಟು ದಿನ ಎಲ್ಲರಿಗೂ ಗೊತ್ತಿದ್ದದ್ದು ಆಗ ಮೊದಲ ಸಲ ಊಟದ ತಟ್ಟೆಗಳ ನಡುವೆ ಬಂದು ಬಿತ್ತು. ಅಮ್ಮ ಅವನ ಬಲಗೈ ನೋಡಿದಳು.

"ಹಿಡ್ಕೊಂಡಿದ್ದ ಕೈಯಲ್ಲೇ ಅನ್ನ ಕಲಸ್ತಾ ಇದೀಯಲ್ಲೋ" ಎಂದಳು.

ಅಣ್ಣ ಎದ್ದುಹೋದ. ಉಳಿದವರು ಊಟ ಮುಂದುವರಿಸಿದರು. ಅಜ್ಜಿ ಕೈ ತೊಳೆದುಕೊಂಡು ಬಂದು ಎಲ್ಲರಿಗೂ ಬುದ್ಧಿ ಹೇಳಿದಳು. ಮೇಷ್ಟ್ರಿಗೆ ಹೆಂಡತಿ ಮಕ್ಕಳಿಲ್ಲ, ಒಂದಷ್ಟು ದಿನ ಅನುಭವಿಸಿ ಈಚೆ ಬರುತ್ತಾನೆ. ನಮ್ಮವನು ಒಳಗೆ ಹೋದರೆ ಪಕ್ಷದವರೂ ಕೈ ಬಿಡುತ್ತಾರೆ, ಪೊಲೀಸರೂ ಚರ್ಮ ಸುಲಿಯುತ್ತಾರೆ, ಲಾಂಡ್ರಿಗೆ ಬೆಂಕಿ ಬೀಳುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಹೇಳಿ. ಅಮ್ಮ ಅಣ್ಣ ಬಿಟ್ಟುಹೋದ ತಟ್ಟೆ ಎತ್ತಿದಳು. ಅಜ್ಜಿಯ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಡಿಗ್ರಿಗೆ ಅಸಹ್ಯವಾದದ್ದು ಅದೇ. ತನ್ನದೂ ಅದೇ ಲೆಕ್ಕಾಚಾರ, ಅಜ್ಜಿ ನಾಚಿಕೆಯಿಲ್ಲದೆ ಬಾಯಿಬಿಟ್ಟು ಹೇಳಿದಳು, ಅಷ್ಟೇ ವ್ಯತ್ಯಾಸ.

ದಿನಚರಿಯ ಸುದ್ದಿಯೂ ಅಂದೇ ಎದ್ದಿತು. ಅದರಲ್ಲೇನು ಗೀಚುತ್ತೀ ಎಂದು ಅಪ್ಪ ಕೇಳಿದ. ಮನಸ್ಸಿಗೆ ಬಂದದ್ದು ಎಂದಳು. ಈಗಿನ ಕಾಲದಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಕಾಗದಕ್ಕೆ ಇಳಿಸಬಾರದು, ಯಾರ ಕೈಗೆ ಸಿಗುತ್ತದೋ ಎಂದ. ಅಮ್ಮನೂ ಆ ವಿಷಯದಲ್ಲಿ ಅಪ್ಪನ ಕಡೆ. ಸಮಾಧಾನವಾಯಿತೆಂದು ಬರೆದಿದ್ದ ಹಾಳೆಯನ್ನು ಡಿಗ್ರಿ ತಾನೇ ಕಿತ್ತು, ನೆನೆಸಿ, ಹಿಸುಕಿ ಮೋರಿಗೆ ಬಿಟ್ಟಳು. ಬರೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೂ ಅನುಮಾನ ಬರುತ್ತದಲ್ಲ.

"ಇವತ್ತು ಒಳ್ಳೆ ಬಿಸಿಲು. ಚಾದರಗಳು ಎರಡು ಗಂಟೆಯಲ್ಲಿ ಒಣಗಿದವು." "ಇವತ್ತು ಮೋಡ. ಬಟ್ಟೆ ಒಳಗೆ ಹರವಿದೆವು. ಅಜ್ಜಿಗೆ ಮಂಡಿನೋವು." "ಇವತ್ತು ಅಣ್ಣ ಇಡೀ ದಿನ ಮನೆಯಲ್ಲೇ ಇದ್ದ, ಒಳ್ಳೆಯವನು."

ಮೂರು ವಾರ ಹೀಗೆ ಬರೆದು, ಒಂದು ದಿನ ಪುಟಗಳನ್ನು ಹಿಂದಕ್ಕೆ ತಿರುವಿದಳು. ಅಕ್ಷರ ಅವಳದು. ಮನುಷ್ಯರಿಲ್ಲದ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಿತ್ತು. ಬರೆಯುವಾಗ ತನ್ನ ಹೆಗಲಾಚೆಯಿಂದ ಒಬ್ಬ ಓದುತ್ತಿದ್ದಾನೆ, ಅವನಿಗೆ ಹಿಡಿಸಲಿ ಎಂದೇ ಒಂದೊಂದು ಸಾಲೂ ಬಂದಿದೆ ಎಂದು ತಿಳಿಯಿತು. ಆ ಒಬ್ಬ ಇನ್ಸ್‌ಪೆಕ್ಟರೋ, ಕಾರ್ಯದರ್ಶಿಯೋ, ಅಪ್ಪನೋ. 'ಒಳ್ಳೆಯವನು' ಎಂಬ ಪದ ನೋಡಿ ಓಕರಿಕೆ ಬಂತು. ಬಚ್ಚಲಿಗೆ ಓಡಿದಳು. ಬಾಯಿ ಮುಕ್ಕಳಿಸಿ ಬರುವಾಗ, ಮೊಟ್ಟೆ ಸೇರಲಿಲ್ಲವೇನೇ ಎಂದು ಅಜ್ಜಿ ಕೇಳಿದಳು.

ಮೇಷ್ಟ್ರು ಒಂಬತ್ತು ದಿನಕ್ಕೆ ಜಾಮೀನಿನ ಮೇಲೆ ಬಂದಿದ್ದರು. ದಿನಾ ಬೆಳಿಗ್ಗೆ ಠಾಣೆಗೆ ಹೋಗಿ ಸಹಿ ಮಾಡಬೇಕು. ಹೋಗುವ ದಾರಿ ಲಾಂಡ್ರಿಯ ಮುಂದೆಯೇ. ಇಪ್ಪತ್ತು ಮಕ್ಕಳಲ್ಲಿ ಒಬ್ಬರೂ ಉಳಿದಿರಲಿಲ್ಲ. ಮೊದಲ ದಿನಗಳಲ್ಲಿ ತಲೆಯೆತ್ತಿ ನಡೆಯುತ್ತಿದ್ದರು. ಆಮೇಲೆ ಗೋಡೆಯ ಮಗ್ಗುಲಿಗೆ, ಕೈಯಲ್ಲಿ ಗೋಡೆ ಸವರುತ್ತ. ಒಮ್ಮೆ ಅಂಗಡಿಯ ಎದುರು ನಿಂತುಬಿಟ್ಟರು. ಬಂದೇಬಿಡುತ್ತಾರೆಂದು ಅವಳು ಇಸ್ತ್ರಿ ಮೇಜಿನ ಕೆಳಗೆ ಬಗ್ಗಿ, ಇಲ್ಲದ ಗುಂಡಿಯೊಂದನ್ನು ಹುಡುಕಿದಳು. ಎದ್ದಾಗ ಅವರಿರಲಿಲ್ಲ. ಗಿರಣಿಯ ಹೆಂಗಸು ಮಾತ್ರ ಕೌಂಟರಿನಲ್ಲಿ ನಿಂತು, ಇಂಥವರನ್ನು ಊರೊಳಗೆ ಬಿಟ್ಟುಕೊಳ್ಳಲೇಬಾರದು ನೋಡು ಎಂದಳು. ಡಿಗ್ರಿ ಹೂಂ ಎಂದಳು. ಅಂದಮೇಲೆ ತನ್ನ ನಾಲಿಗೆಯನ್ನೇ ಕಿತ್ತು ತೊಟ್ಟಿಗೆ ಎಸೆಯಬೇಕೆನಿಸಿತು.

ಒಂದೂವರೆ ತಿಂಗಳು ಕಳೆದ ಮೇಲೆ, ಒಂದು ಶುಕ್ರವಾರ ಹನ್ನೊಂದು ಗಂಟೆಯ ಹೊತ್ತಿಗೆ ಮೇಷ್ಟ್ರ ಅಕ್ಕ ಬಂದರು. ಮರುದಿನ ದೊಡ್ಡ ಮೆರವಣಿಗೆಯಿತ್ತು. ಅಣ್ಣ ಇಸ್ತ್ರಿಯಾದ ಶಾಲುಗಳನ್ನು ಹತ್ತತ್ತರ ಕಟ್ಟು ಮಾಡುತ್ತಿದ್ದ. ಕಾರ್ಯದರ್ಶಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅಜ್ಜಿ ಕಾಲುಚೀಲಗಳ ಮಧ್ಯೆ. ಗಿರಾಕಿಗಳು ಇಬ್ಬರು. ಅಕ್ಕ ಯಾರನ್ನೂ ನೋಡದೆ ನೇರ ಕೌಂಟರಿಗೆ ಬಂದು, ಕೈಚೀಲದಿಂದ ಒಂದು ಪುಸ್ತಕ ತೆಗೆದು, ಅದರೊಳಗಿನಿಂದ ಹಳದಿಯಾದ ಚೀಟಿ ತೆಗೆದರು. ಇನ್ನೂರ ಹದಿನಾಲ್ಕು. ಶರ್ಟು, ಒಂದು.

"ಯಜಮಾನ್ರೇ, ಇದು ಅವನ ಪುಸ್ತಕದಲ್ಲಿ ಸಿಕ್ತು. ಚೀಟಿ ನಮ್ಮ ಹತ್ರಾನೇ ಇದೆ ಅಂದರೆ ಶರ್ಟು ನಿಮ್ಮಲ್ಲೇ ಉಳಿದಿರಬೇಕಲ್ವಾ?"

ಅಪ್ಪ ಹಿಂದಿನಿಂದ ಬಂದು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಪರಿಚಯದವರಿಗೆ ಚೀಟಿಯಿಲ್ಲದೆಯೂ ಕೊಡುವುದುಂಟು, ಮೇಷ್ಟ್ರಂಥವರನ್ನು ಚೀಟಿ ಎಲ್ಲಿ ಎಂದು ಕೇಳಲಾಗುತ್ತದೆಯೇ ಎಂದು ವಿನಯದಿಂದ ವಿವರಿಸಿದ. ಪುಸ್ತಕ ತೆರೆದು ತಾರೀಖು ತೋರಿಸಿದ. ಅಕ್ಕ ಕನ್ನಡಕ ಹಾಕಿಕೊಂಡು ಆ ತಾರೀಖನ್ನು ಓದಿದರು. ಕಾರ್ಯದರ್ಶಿ, ಪೊಲೀಸರೂ ಅದನ್ನೇ ಬರೆದುಕೊಂಡು ಹೋಗಿದ್ದಾರೆ ಅಕ್ಕಾ, ಸುಮ್ಮನೆ ಯಾಕೆ ಆಯಾಸ ಎಂದು ಮೃದುವಾಗಿ ಹೇಳಿ ಟೀ ಗುಟುಕರಿಸಿದರು.

ಅಕ್ಕ ಜಗಳಕ್ಕೆ ಬಂದವರಂತೆ ಕಾಣಲಿಲ್ಲ. ಕೌಂಟರಿನ ಅಂಚು ಹಿಡಿದು ನಿಂತರು. ಆಮೇಲೆ ಅಪ್ಪನನ್ನು ಬಿಟ್ಟು ಡಿಗ್ರಿಯ ಕಡೆ ತಿರುಗಿದರು.

"ಕೋರ್ಟು ಕಚೇರಿಗೆ ಅಂತ ಕೇಳ್ತಾ ಇಲ್ಲಮ್ಮ. ಅವನು ಮೊದಮೊದಲು ನಾನಲ್ಲ ನಾನಲ್ಲ ಅಂತಿದ್ದ. ಆ ಮಧ್ಯಾಹ್ನ ನನ್ನ ಎದುರಿಗೇ ಕೂತು ಬಟಾಣಿ ಬಿಡಿಸ್ತಾ ಇದ್ದ, ನಾನೇ ಕಂಡಿದೀನಿ. ಈಗ ಒಂದು ವಾರದಿಂದ ಬೇರೆ ಶುರುವಾಗಿದೆ. ಅಕ್ಕಾ, ಶರ್ಟು ತಂದದ್ದು ನಂಗೆ ನೆನಪಿಲ್ಲ, ಹಾಗೇ ಆ ವಾಚಿನಂಗಡಿಗೆ ಹೋದದ್ದೂ ನೆನಪಿಲ್ಲವೇನೋ ಅಂತಾನೆ. ಇಷ್ಟು ಜನ ಹೇಳ್ತಾರೆ ಅಂದರೆ ಹೋಗಿದ್ದೆನೇನೋ ಅಂತಾನೆ. ನಿನ್ನೆ ತನ್ನ ಕೈಯನ್ನ ತಾನೇ ಹೀಗೆ ತಿರುಗಿಸಿ ತಿರುಗಿಸಿ ನೋಡ್ಕೋತಾ ಕೂತಿದ್ದ. ಈ ಪುಸ್ತಕ ಬರೆಯೋಳು ನೀನು. ನಿಂಗೆ ಪಾಠ ಹೇಳಿದವನು. ಅವನು ಶರ್ಟು ಒಯ್ದದ್ದು ನಿಜಾನೇ ಆದರೆ ನಿಜ ಅಂತಲೇ ಹೇಳು, ಹೋಗಿ ಅವನಿಗೆ ಹೇಳ್ತೀನಿ. ಒಂದಾದರೂ ಗಟ್ಟಿ ಅಂತ ಹಿಡ್ಕೊಳ್ಳೋಕೆ ಸಿಗಲಿ ಅವನಿಗೆ."

ಅಪ್ಪ ಅವಳ ಪರವಾಗಿ ಉತ್ತರ ಕೊಟ್ಟ. ಅಕ್ಷರ ಅವಳದೇ, ಅವಳು ತಪ್ಪು ಬರೆಯುವವಳಲ್ಲ ಎಂದ. ಅಜ್ಜಿ ಕೈಯಲ್ಲಿದ್ದ ಕಾಲುಚೀಲವನ್ನು ಮಡಿಲಿಗೆ ಇಳಿಸಿ ಮೊಮ್ಮಗಳನ್ನೇ ನೋಡುತ್ತಿದ್ದಳು. ಬಾಯಿ ಬಿಟ್ಟೀಯೆ ಎಂದಿತ್ತು ಆ ನೋಟ. ಅಡಿಗೆಮನೆಯಲ್ಲಿ ನೀರು ಬೀಳುವ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಅಣ್ಣ ಮಾತ್ರ ತಲೆ ತಗ್ಗಿಸಿ ಶಾಲು ಎಣಿಸುತ್ತಿದ್ದ. ಏಳು ಎಂದ. ಮತ್ತೆ ಏಳು ಎಂದ.

"ಸರಿ ಹಾಗಾದರೆ" ಎಂದು ಅಕ್ಕ ಚೀಟಿಯನ್ನು ಮಡಿಸಿದರು. "ಒಯ್ದಿದ್ದಾನೆ ಅಂತಲೇ ಹೇಳ್ತೀನಿ."

ಪುಸ್ತಕವನ್ನು ಕೈಚೀಲಕ್ಕೆ ಹಾಕಿ, ಹೊಸ್ತಿಲಿನ ಕಡೆ ಎರಡು ಹೆಜ್ಜೆ ಇಟ್ಟರು. ಡಿಗ್ರಿ ಕೌಂಟರಿನ ಮೇಲೆ ತೆರೆದಿದ್ದ ದೊಡ್ಡ ಪುಸ್ತಕವನ್ನು ಮುಚ್ಚಿದಳು. ಅವಳ ಬಾಯಿಂದ ಬಂದದ್ದು ದೊಡ್ಡ ದನಿಯೇನಲ್ಲ, ಬಟ್ಟೆ ಯಾವಾಗ ಬೇಕು ಎಂದು ಕೇಳುವಷ್ಟೇ ದನಿ. ಆದರೆ ಅಂಗಡಿ ಚಿಕ್ಕದು, ಎಲ್ಲರಿಗೂ ಕೇಳಿಸಿತು.

"ಮೇಷ್ಟ್ರು ಒಯ್ದಿಲ್ಲ ಅಕ್ಕಾ. ಶರ್ಟು ನಮ್ಮನೇಲೇ ಇತ್ತು. ಆ ದಿನ ನಾನು ಇಸ್ತ್ರಿ ಹಾಕಿಕೊಟ್ಟೆ, ನಮ್ಮಣ್ಣ ಹಾಕ್ಕೊಂಡು ಹೋದ."